ಮೇಸ್ತ್ರಿ ಎಂದಷ್ಟೇ ಬರೆದರೆ ಸಾಲದು: ಕಾರ್ಮಿಕ ಸಮೀಕ್ಷೆಯಲ್ಲಿ ಕಸುಬಿಗೆ ಕೋಡ್ ಕೊಡುವ ಕ್ರಮ

"ಏನು ಕೆಲಸ ಮಾಡ್ತೀರಿ?" ಎಂಬ ಪ್ರಶ್ನೆಗೆ "ಮೇಸ್ತ್ರಿ" ಎಂಬ ಉತ್ತರ ಬಂತು ಎನ್ನಿ. ಇವರು ಗಾರೆ ಕಲಸಿ ಗೋಡೆ ಕಟ್ಟುವವರಾಗಿದ್ದರೆ ಕೋಡ್ 711. ತಾವು ಕರಣೆ ಮುಟ್ಟದೆ ಹತ್ತಾರು ಜನರ ಕೆಲಸ ನೋಡಿಕೊಳ್ಳುವವರಾದರೆ 312. ಊರಿಂದ ಆಳುಗಳನ್ನು ಕರೆತಂದು ಕಟ್ಟಡದ ಮಾಲೀಕರಿಗೆ ಒದಗಿಸಿ ಕಮಿಷನ್ ಪಡೆಯುವವರಾದರೆ 333. ಬಟ್ಟೆ ಕತ್ತರಿಸುವ ಟೈಲರ್ ಮೇಸ್ತ್ರಿಯಾದರೆ 753. ಒಂದೇ ಪದಕ್ಕೆ ನಾಲ್ಕು ಕೋಡ್, ನಾಲ್ಕು ಬೇರೆ ಬೇರೆ ಲೆಕ್ಕ. ಹಾಳೆಯಲ್ಲಿ "ಮೇಸ್ತ್ರಿ" ಎಂದಷ್ಟೇ ಬರೆದುಕೊಂಡು ಬಂದರೆ ಕಚೇರಿಯಲ್ಲಿ ಕೂತವರು ಎಷ್ಟೇ ಜಾಣರಾದರೂ ಸರಿಯಾದ ಕೋಡ್ ಕೊಡಲಾರರು.

ಭಾರತದಲ್ಲಿ ಈ ಕೆಲಸ ಅತಿ ದೊಡ್ಡ ಪ್ರಮಾಣದಲ್ಲಿ ನಡೆಯುವುದು ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ, ಅಂದರೆ ಪಿಎಲ್‌ಎಫ್‌ಎಸ್‌ನಲ್ಲಿ. 2017ರ ಏಪ್ರಿಲ್‌ನಲ್ಲಿ ಶುರುವಾದ ಈ ಸಮೀಕ್ಷೆಯ ವಿನ್ಯಾಸ 2025ರ ಜನವರಿಯಿಂದ ಬದಲಾಗಿದೆ. ಈಗ ಅದು ತಿಂಗಳಿಗೊಮ್ಮೆ ಅಂದಾಜುಗಳನ್ನು ಕೊಡುತ್ತದೆ. ಕಸುಬಿನ ಕೋಡ್ ಬರುವುದು ಕಾರ್ಮಿಕ ಸಚಿವಾಲಯ ಸಿದ್ಧಪಡಿಸಿದ ರಾಷ್ಟ್ರೀಯ ಉದ್ಯೋಗ ವರ್ಗೀಕರಣದಿಂದ (ಎನ್‌ಸಿಒ). ಸಮೀಕ್ಷೆಗೆ ಸೇರಲಿರುವವರು, ಅದರ ದತ್ತಾಂಶ ಬಳಸುವ ವಿದ್ಯಾರ್ಥಿಗಳು, ತಮ್ಮ ತಾಲ್ಲೂಕಿನಲ್ಲಿ ಸಣ್ಣ ಸಮೀಕ್ಷೆ ನಡೆಸುವ ಸಂಘಟನೆಗಳು, ಎಲ್ಲರಿಗೂ ಕ್ರಮ ಒಂದೇ.

ಮೊದಲು ಮೂರು ಪ್ರಶ್ನೆಗಳನ್ನು ಬೇರ್ಪಡಿಸಿ

ಒಬ್ಬ ದುಡಿಯುವ ವ್ಯಕ್ತಿಗೆ ಮೂರು ಕೋಡ್‌ಗಳಿರುತ್ತವೆ. ಯಾರಿಗಾಗಿ, ಯಾವ ಕರಾರಿನಲ್ಲಿ ದುಡಿಯುತ್ತಾರೆ ಎಂಬುದು ಉದ್ಯೋಗ ಸ್ಥಿತಿ. ದುಡಿಯುವ ಜಾಗದಲ್ಲಿ ಏನು ತಯಾರಾಗುತ್ತದೆ, ಅಥವಾ ಯಾವ ಸೇವೆ ಸಿಗುತ್ತದೆ ಎಂಬುದು ಉದ್ಯಮ. ಇದಕ್ಕೆ ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ (ಎನ್‌ಐಸಿ 2008) ಐದು ಅಂಕಿಯ ಕೋಡ್. ಈ ವ್ಯಕ್ತಿ ಸ್ವತಃ ಏನು ಮಾಡುತ್ತಾರೆ ಎಂಬುದು ಕಸುಬು. ಇದಕ್ಕೆ ಎನ್‌ಸಿಒದ ಮೂರು ಅಂಕಿಯ ಕೋಡ್.

ಆಸ್ಪತ್ರೆಯ ಆಂಬುಲೆನ್ಸ್ ಚಾಲಕರ ಉದ್ಯಮ ಆರೋಗ್ಯ ಸೇವೆ (ಎನ್‌ಐಸಿ 86; ಉದ್ಯಮಕ್ಕೆ ಇಲ್ಲಿ ಕೋಡಿನ ಮೊದಲ ಎರಡು ಅಂಕಿಯನ್ನಷ್ಟೇ ಕೊಟ್ಟಿದೆ), ಕಸುಬು ವಾಹನ ಚಾಲನೆ (832), ಸ್ಥಿತಿ ಸಂಬಳದ ನೌಕರಿ (31). ಸಾಫ್ಟ್‌ವೇರ್ ಕಂಪನಿಯ ಗೇಟಿನಲ್ಲಿ ನಿಂತ ಸೆಕ್ಯುರಿಟಿಯವರ ಕಸುಬು 541. ಆದರೆ ಸಂಬಳ ಕೊಡುವುದು ಸೆಕ್ಯುರಿಟಿ ಏಜೆನ್ಸಿಯಾದರೆ ಅವರ ಉದ್ಯಮ 80, ಕಂಪನಿಯ 62 ಅಲ್ಲ. "ಐಟಿ ಕಂಪನಿಯಲ್ಲಿ ಕೆಲಸ" ಎಂಬ ಉತ್ತರ ಕೇಳಿ ಉದ್ಯಮದ ಕೋಡನ್ನೂ ಕಸುಬಿನ ಕೋಡನ್ನೂ ಒಟ್ಟಿಗೆ ಊಹಿಸಿಬಿಡುವುದು ಹೊಸಬರಲ್ಲಿ ತುಂಬಾ ಕಾಣುವ ತಪ್ಪು. ಆ ಒಂದೇ ಕಟ್ಟಡದಲ್ಲಿ ಪ್ರೋಗ್ರಾಂ ಬರೆಯುವವರು 251, ಕಂಪ್ಯೂಟರ್ ಕೆಟ್ಟರೆ ಸರಿಪಡಿಸಿಕೊಡುವ ಸಪೋರ್ಟ್‌ನವರು 351, ಗ್ರಾಹಕರ ಕರೆ ಸ್ವೀಕರಿಸುವವರು 422, ಶೌಚಾಲಯ ತೊಳೆಯುವವರು 911.

ಹಾಗೆಯೇ "ಸರ್ಕಾರಿ ಕೆಲಸ", "ಗುತ್ತಿಗೆ ಕೆಲಸ", "ಸ್ವಂತ ಬಿಸಿನೆಸ್" ಎಂಬ ಉತ್ತರಗಳು ಕಸುಬನ್ನು ಹೇಳುವುದೇ ಇಲ್ಲ.

ಹೆಜ್ಜೆ 1: ಕೆಲಸವಿದೆಯೇ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ

ಉದ್ಯೋಗ ಸ್ಥಿತಿಯ ಕೋಡ್ 11ರಿಂದ 51ರವರೆಗೆ ಇದ್ದವರಿಗೆ ಕಸುಬಿನ ಕೋಡ್ ಸಿಗುತ್ತದೆ. 11 ಎಂದರೆ ಯಾರನ್ನೂ ಸಂಬಳಕ್ಕೆ ಇಟ್ಟುಕೊಳ್ಳದೆ ಸ್ವಂತ ಕೆಲಸ ನಡೆಸುವವರು, 12 ಎಂದರೆ ಆಳುಗಳನ್ನಿಟ್ಟು ನಡೆಸುವವರು, 21 ಎಂದರೆ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ದುಡಿಯುವವರು, 31 ಸಂಬಳದವರು, 41ರಿಂದ 51ರವರೆಗೆ ದಿನಗೂಲಿಯವರು. 81 ಎಂದರೆ ನಿರುದ್ಯೋಗಿ, 91 ವಿದ್ಯಾರ್ಥಿ, 92 ಮತ್ತು 93 ಮನೆವಾರ್ತೆಯವರು. ಇವರಿಗೆ ಆ ಸಾಲಿನಲ್ಲಿ ಕಸುಬಿನ ಕೋಡ್ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ನಷ್ಟ ಆಗುವುದು ಇಲ್ಲೇ. ದಕ್ಷಿಣ ಕನ್ನಡದ ಮನೆಯೊಂದರಲ್ಲಿ ಹೆಂಗಸರು "ಮನೆಯಲ್ಲೇ ಇರುವುದು" ಎನ್ನುತ್ತಾರೆ. ಅಡುಗೆ, ಮಕ್ಕಳು, ಹಟ್ಟಿ ಎಲ್ಲ ಮುಗಿಸಿ ದಿನಕ್ಕೆ ಮೂರು ನಾಲ್ಕು ಗಂಟೆ ಬೀಡಿ ಕಟ್ಟುತ್ತಾರೆ, ಬೀಡಿ ಕಂಪನಿಯ ಬ್ರಾಂಚಿಗೆ ಒಯ್ದು ಕೊಡುತ್ತಾರೆ. ಅದನ್ನು ಅವರು "ಕೆಲಸ" ಎಂದು ಕರೆಯುವುದಿಲ್ಲ. ಸಮೀಕ್ಷಕರು 92 ಎಂದು ಗುರುತು ಹಾಕಿ ಮುಂದೆ ಹೋದರೆ ಅವರ ಕಸುಬು (751, ಆಹಾರ ಮತ್ತು ತಂಬಾಕು ಸಂಸ್ಕರಣೆಯ ಕುಶಲಕರ್ಮಿಗಳು) ದೇಶದ ಲೆಕ್ಕದಿಂದಲೇ ಬಿಟ್ಟುಹೋಗುತ್ತದೆ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಹಸು ಮೇಯಿಸಿ, ಹಾಲು ಕರೆಯುವ ಹೆಂಗಸಿನದೂ ಇದೇ ಪಾಡು. ಡೇರಿ ಪುಸ್ತಕ ಗಂಡನ ಹೆಸರಿನಲ್ಲಿದ್ದರೂ ದುಡಿಮೆ ಆಕೆಯದು.

ಆದ್ದರಿಂದ "ಕೆಲಸ ಮಾಡ್ತೀರಾ?" ಎಂದು ಕೇಳಿ ನಿಲ್ಲಿಸಬೇಡಿ. "ಮನೆಯಿಂದ ಏನಾದರೂ ಮಾರ್ತೀರಾ? ಬೀಡಿ, ಹೂಮಾಲೆ, ಹೊಲಿಗೆ, ಊದುಬತ್ತಿ ಏನಾದರೂ ಮಾಡಿ ಕೊಡ್ತೀರಾ? ಹಸು, ಕೋಳಿ, ರೇಷ್ಮೆಹುಳು ನೋಡಿಕೊಳ್ಳೋರು ಯಾರು? ಹೊಲಕ್ಕೆ ಹೋಗ್ತೀರಾ, ಅಂಗಡೀಲಿ ಕೂರ್ತೀರಾ?" ಎಂದು ಒಂದೊಂದಾಗಿ ಹೆಸರು ಹಿಡಿದು ಕೇಳಿ. ಸಾಧ್ಯವಾದರೆ ಆಕೆಯನ್ನೇ ಕೇಳಿ. ಮನೆಯ ಗಂಡಸರು ಅವರ ಪರವಾಗಿ ಕೊಡುವ ಉತ್ತರ ಬಹುಪಾಲು "ಏನೂ ಇಲ್ಲ" ಎಂದೇ ಇರುತ್ತದೆ.

ಅವಧಿಯ ನಿಯಮವೂ ನೆನಪಿರಲಿ. ವಾರದ ಸ್ಥಿತಿಯಲ್ಲಿ, ಸಮೀಕ್ಷೆಯ ಹಿಂದಿನ 7 ದಿನಗಳಲ್ಲಿ ಯಾವುದಾದರೂ ಒಂದು ದಿನ ಕನಿಷ್ಠ 1 ಗಂಟೆ ದುಡಿದಿದ್ದರೂ ಅವರು ಉದ್ಯೋಗಸ್ಥರು. ವರ್ಷದ ಸ್ಥಿತಿಯಲ್ಲಿ, ಹಿಂದಿನ 365 ದಿನಗಳಲ್ಲಿ ಹೆಚ್ಚು ಕಾಲ ತೊಡಗಿದ್ದು ಮುಖ್ಯ ಚಟುವಟಿಕೆ. ಅದರ ಜೊತೆಗೆ 30 ದಿನ ಅಥವಾ ಹೆಚ್ಚು ಮಾಡಿದ ಬೇರೆ ದುಡಿಮೆ ಉಪ ಚಟುವಟಿಕೆ. ಮುಖ್ಯ ಮತ್ತು ಉಪ ಎರಡಕ್ಕೂ ಬೇರೆ ಬೇರೆ ಕಸುಬಿನ ಕೋಡ್ ಇರುತ್ತದೆ. ಮಂಡ್ಯದ ಒಬ್ಬ ರೈತ ವರ್ಷದ ಹೆಚ್ಚು ಭಾಗ ಗದ್ದೆಯಲ್ಲಿದ್ದು ಎರಡು ತಿಂಗಳು ಆಟೋ ಓಡಿಸಿದರೆ ಮುಖ್ಯ 611, ಉಪ 832. ಎರಡನ್ನೂ ಬೆರೆಸಿ ಒಂದು ಮಾಡಬಾರದು. ಕೋಡ್ ಅಂಟುವುದು ಕೆಲಸಕ್ಕೆ, ಮನುಷ್ಯನಿಗಲ್ಲ.

ಹೆಜ್ಜೆ 2: ಪದನಾಮದ ಬದಲು ವಾಕ್ಯ ಬರೆದುಕೊಳ್ಳಿ

ಇಡೀ ಕೆಲಸದ ಗುಣಮಟ್ಟ ನಿಂತಿರುವುದು ಈ ಹೆಜ್ಜೆಯ ಮೇಲೆ. ನಾಲ್ಕು ವಿಷಯ ಹಾಳೆಗೆ ಬರಬೇಕು: ಕೈಯಾರೆ ಮಾಡುವ ಮುಖ್ಯ ಎರಡು ಮೂರು ಕೆಲಸಗಳು, ಬಳಸುವ ಯಂತ್ರ, ಸಲಕರಣೆ ಅಥವಾ ಸಾಮಗ್ರಿ, ಕೆಳಗೆ ಜನರಿದ್ದರೆ ಎಷ್ಟು ಮಂದಿ, ಅವರನ್ನು ನೋಡಿಕೊಳ್ಳುವುದರಲ್ಲಿ ದಿನದ ಎಷ್ಟು ಭಾಗ ಹೋಗುತ್ತದೆ, ಮಾಡಿದ್ದನ್ನು ತಾವೇ ಮಾರುತ್ತಾರೆಯೇ.

"ಗಾರ್ಮೆಂಟ್ಸ್" ಎಂಬ ಉತ್ತರವನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನಿನಲ್ಲಿ ಕೂತು ಮೆಷಿನ್‌ನಲ್ಲಿ ಕಾಲರ್ ಹೊಲಿಯುವವರು 815. ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್ 753. ದಾರ ಕತ್ತರಿಸಿ, ಬಂಡಲ್ ಹೊತ್ತು ಕೊಡುವ ಹೆಲ್ಪರ್ 932. ಹೊಲಿದ ಬಟ್ಟೆ ಪರೀಕ್ಷಿಸುವ ಚೆಕರ್ 754. ಲೈನ್ ಸೂಪರ್‌ವೈಸರ್ 312. ಇನ್ನು ಬಡಾವಣೆಯ ಅಂಗಡಿಯಲ್ಲಿ ಅಳತೆ ತೆಗೆದು, ಕತ್ತರಿಸಿ, ಪೂರ್ತಿ ರವಿಕೆ ಹೊಲಿದುಕೊಡುವ ಟೈಲರ್ 753. ಕಾರ್ಖಾನೆಯವರೂ ತಮ್ಮನ್ನು "ಟೈಲರ್" ಎಂದೇ ಹೇಳಿಕೊಳ್ಳುವುದರಿಂದ 815 ಮತ್ತು 753 ಅದಲುಬದಲಾಗುತ್ತವೆ. ಇವು 8 ಮತ್ತು 7 ಎಂಬ ಬೇರೆ ಬೇರೆ ವಿಭಾಗಗಳು. ಒಂದರಲ್ಲಿ ಯಂತ್ರ ನಡೆಸುವವರು, ಇನ್ನೊಂದರಲ್ಲಿ ಇಡೀ ವಸ್ತುವನ್ನು ಮಾಡಬಲ್ಲ ಕುಶಲಕರ್ಮಿಗಳು. ಈ ತಪ್ಪು ಗುಂಪುಗುಂಪಾಗಿ ಆದರೆ ಕಾರ್ಖಾನೆ ಕೆಲಸಗಾರರ ಸಂಖ್ಯೆ ಕುಗ್ಗಿ, ಕುಶಲಕರ್ಮಿಗಳ ಸಂಖ್ಯೆ ಉಬ್ಬುತ್ತದೆ.

ನೇಯ್ಗೆಯಲ್ಲೂ ಇದೇ ಗೆರೆ. ಇಳಕಲ್ಲಿನ ಕೈಮಗ್ಗದ ನೇಕಾರರು 731, ದೊಡ್ಡಬಳ್ಳಾಪುರದಲ್ಲಿ ವಿದ್ಯುತ್ ಮಗ್ಗ ನಡೆಸುವವರು 815. "ನೇಕಾರ" ಎಂದಷ್ಟೇ ಬರೆದರೆ ಮಗ್ಗ ಯಾವುದೆಂಬುದು ಕಳೆದುಹೋಗುತ್ತದೆ. ರೇಷ್ಮೆಯಲ್ಲಿ ಹುಳು ಸಾಕುವವರು 612, ಕಾರ್ಖಾನೆಯ ಯಂತ್ರದಲ್ಲಿ ನೂಲು ತೆಗೆಯುವವರು 815. "ರೇಷ್ಮೆ ಕೆಲಸ" ಎಂದರೆ ಎರಡರಲ್ಲಿ ಯಾವುದೂ ಆಗಬಹುದು.

"ಡ್ರೈವರ್" ಎಂದಾಗ ವಾಹನ ಬರೆಯಿರಿ: ಆಟೋ, ಕಾರು, ಬೈಕ್ 832; ಬಸ್ಸು, ಲಾರಿ 833; ಟ್ರ್ಯಾಕ್ಟರ್, ಜೆಸಿಬಿ 834. "ಹೋಟೆಲ್" ಎಂದಾಗ ನಿಲ್ಲುವ ಜಾಗ ಬರೆಯಿರಿ: ಒಲೆಯ ಮುಂದೆ 512, ಟೇಬಲ್ಲಿಗೆ ತಂದುಕೊಡುವ ಸಪ್ಲೈಯರ್ 513, ಪಾತ್ರೆ ತೊಳೆಯುವವರು 941, ಕ್ಯಾಶ್‌ನಲ್ಲಿ ಕೂತವರು 523.

ಹೆಜ್ಜೆ 3: ವಿಭಾಗವನ್ನು ಆರಿಸಿ

ಎನ್‌ಸಿಒ 2015 ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ವರ್ಗೀಕರಣದ ಮೇಲೆ ಕಟ್ಟಿದ್ದು. ಪೂರ್ಣ ಕೋಡ್ ಎಂಟು ಅಂಕಿಯದು, ನಾಲ್ಕು ಅಂಕಿಯಾದ ಮೇಲೆ ಒಂದು ಬಿಂದು. ಮೊದಲ ಅಂಕಿ ವಿಭಾಗ, ಎರಡು ಸೇರಿದರೆ ಉಪವಿಭಾಗ, ಮೂರು ಸೇರಿದರೆ ಗುಂಪು, ನಾಲ್ಕು ಸೇರಿದರೆ ಕುಟುಂಬ. ಒಟ್ಟು ಸುಮಾರು 3600 ಕಸುಬುಗಳ ವಿವರಣೆ ಇದೆ. ಸಮೀಕ್ಷೆಗೆ ಮೂರು ಅಂಕಿ ಸಾಕು.

ವಿಭಾಗಗಳು ಒಂಬತ್ತು: 1 ವ್ಯವಸ್ಥಾಪಕರು, 2 ವೃತ್ತಿಪರರು, 3 ತಂತ್ರಜ್ಞರು ಮತ್ತು ಸಹವೃತ್ತಿಪರರು, 4 ಗುಮಾಸ್ತರು, 5 ಸೇವೆ ಮತ್ತು ಮಾರಾಟದವರು, 6 ಕುಶಲ ಕೃಷಿಕರು ಮತ್ತು ಮೀನುಗಾರರು, 7 ಕುಶಲಕರ್ಮಿಗಳು, 8 ಯಂತ್ರ ಮತ್ತು ವಾಹನ ನಡೆಸುವವರು, 9 ಸರಳ ಕೆಲಸದವರು. ಇವುಗಳ ಹಿಂದೆ ನಾಲ್ಕು ಕೌಶಲ ಮಟ್ಟಗಳಿವೆ. 9ಕ್ಕೆ ಮೊದಲ ಮಟ್ಟ, 4ರಿಂದ 8ರವರೆಗೆ ಎರಡನೆಯದು, 3ಕ್ಕೆ ಮೂರನೆಯದು, 2ಕ್ಕೆ ನಾಲ್ಕನೆಯದು. ವಿಭಾಗ 1ಕ್ಕೆ ಒಂದೇ ಮಟ್ಟ ಎಂದು ಕಟ್ಟಿಹಾಕಿಲ್ಲ.

ಕೌಶಲ ಎಂದರೆ ಆ ಕೆಲಸ ಬೇಡುವ ಕೌಶಲ. ವ್ಯಕ್ತಿಯ ಓದು ಇಲ್ಲಿ ಲೆಕ್ಕಕ್ಕಿಲ್ಲ. ಎಂಜಿನಿಯರಿಂಗ್ ಮುಗಿಸಿದ ಹುಡುಗ ಬೈಕಿನಲ್ಲಿ ಊಟ ತಲುಪಿಸುತ್ತಿದ್ದರೆ ಕೋಡ್ 832. ನಡೆದು ತಲುಪಿಸಿದರೆ 962. ಅವನ ಪದವಿ ಶಿಕ್ಷಣದ ಅಂಕಣದಲ್ಲಿ ದಾಖಲಾಗುತ್ತದೆ. ಓದಿಗೂ ಕೆಲಸಕ್ಕೂ ಇರುವ ಅಂತರವನ್ನು ಮುಂದೆ ಯಾರಾದರೂ ಅಳೆಯಬೇಕಾದರೆ ಈ ಎರಡು ಅಂಕಣಗಳು ಒಂದನ್ನೊಂದು ಮುಟ್ಟದೆ ಉಳಿದಿರಬೇಕು. ಕರುಣೆಯಿಂದಲೋ ಗೌರವದಿಂದಲೋ ಕೋಡ್ ಮೇಲೇರಿಸಿದರೆ ಅವನ ಕಷ್ಟ ಅಂಕಿಅಂಶದಲ್ಲಿ ಕಾಣಿಸುವುದೇ ಇಲ್ಲ.

ವಿಭಾಗ 1 ಅತಿ ಹೆಚ್ಚು ದುರ್ಬಳಕೆಯಾಗುವ ವಿಭಾಗ. "ಮಾಲೀಕ", "ಪ್ರೊಪ್ರೈಟರ್" ಎಂದ ಕೂಡಲೇ ವ್ಯವಸ್ಥಾಪಕ ಎಂದು ಹಾಕುವ ಅಭ್ಯಾಸ ಹಿಂದಿನಿಂದ ಬಂದಿದೆ. ಬೀದಿ ಮೂಲೆಯ ಕಿರಾಣಿ ಅಂಗಡಿಯಲ್ಲಿ ತಾವೇ ತೂಗಿ, ಕಟ್ಟಿಕೊಟ್ಟು, ದುಡ್ಡು ಎಣಿಸುವವರು 522. ಚಿಕ್ಕ ದರ್ಶಿನಿಯಲ್ಲಿ ತಾವೇ ದೋಸೆ ಹುಯ್ಯುವ ಮಾಲೀಕರು 512. ಸಿಬ್ಬಂದಿಯನ್ನು ನಿರ್ವಹಿಸುವುದು, ಬಜೆಟ್, ಯೋಜನೆ ಇವೇ ಅವರ ದಿನದ ಗಣನೀಯ ಭಾಗವಾದಾಗ ಮಾತ್ರ 142 ಅಥವಾ 141. ಮಾಲೀಕತ್ವ ಈಗಾಗಲೇ ಸ್ಥಿತಿಯ ಕೋಡಿನಲ್ಲಿ, 11 ಅಥವಾ 12 ಎಂದು, ದಾಖಲಾಗಿರುತ್ತದೆ. ಅದನ್ನೇ ಕಸುಬಿನಲ್ಲೂ ಎಣಿಸಿದರೆ ಹಳ್ಳಿಯ ಗೂಡಂಗಡಿಯವರು ಕಂಪನಿ ನಿರ್ದೇಶಕರ ಸಾಲಿಗೆ ಸೇರಿ, ನಮ್ಮ ದೇಶದಲ್ಲಿ ಮ್ಯಾನೇಜರುಗಳು ತುಂಬಿ ತುಳುಕುತ್ತಿರುವಂತೆ ಕೋಷ್ಟಕ ತೋರಿಸುತ್ತದೆ.

6 ಮತ್ತು 9ರ ನಡುವಿನ ಗೆರೆಯೂ ಎಚ್ಚರ ಬೇಡುತ್ತದೆ. ಬೆಳೆ ಯಾವುದು, ಬಿತ್ತನೆ ಯಾವಾಗ, ಗೊಬ್ಬರ ಎಷ್ಟು ಎಂದು ತೀರ್ಮಾನಿಸಿ ಬೇಸಾಯ ಮಾಡುವವರು 611; ಗುತ್ತಿಗೆಗೆ ಅಥವಾ ಪಾಲಿಗೆ ಮಾಡಿದರೂ ಅದೇ. ಬೇರೆಯವರು ಹೇಳಿದ ಕಳೆ ಕೀಳುವ, ನಾಟಿ ಹಾಕುವ, ಕಾಫಿ ಹಣ್ಣು ಬಿಡಿಸುವ ಕೂಲಿಯವರು 921. ಸ್ವಂತ ಹೊಲದಲ್ಲಿ ಬಿತ್ತನೆಯಿಂದ ಸುಗ್ಗಿಯವರೆಗೆ ಗಂಡನ ಸರಿಸಮ ದುಡಿಯುವ ಹೆಂಡತಿಯ ಸ್ಥಿತಿ 21 ಇರಬಹುದು, ಆದರೆ ಕಸುಬು 611. ಸಂಬಳವಿಲ್ಲ ಎಂಬ ಕಾರಣಕ್ಕೆ ಆಕೆಯನ್ನು 921ಕ್ಕೆ ತಳ್ಳುವುದು ತಪ್ಪು. ಬೆಳೆ, ದನ ಎರಡೂ ಸಮಸಮ ಇದ್ದರೆ 613.

ಹೆಜ್ಜೆ 4: ವಿವರಣೆ ಓದಿ ಗುಂಪಿಗೆ ಇಳಿಯಿರಿ

ವಿಭಾಗದಿಂದ ಉಪವಿಭಾಗಕ್ಕೆ, ಅಲ್ಲಿಂದ ಗುಂಪಿಗೆ ಇಳಿಯಿರಿ. ಅಕಾರಾದಿ ಪಟ್ಟಿಯಲ್ಲಿ ಹೆಸರು ಹುಡುಕಿ ಕೋಡ್ ಎತ್ತಿಕೊಳ್ಳುವುದು ಸುಲಭ, ಆದರೆ ಹೆಸರು ಹೊಂದಿದರೂ ಕೆಲಸ ಹೊಂದದೆ ಇರಬಹುದು. ಪಟ್ಟಿಯಿಂದ ಕೋಡ್ ಸಿಕ್ಕ ಮೇಲೆ ಆ ಗುಂಪಿನ ವಿವರಣೆಯನ್ನು ಒಮ್ಮೆ ಓದಿ, ಹಾಳೆಯಲ್ಲಿನ ಕೆಲಸಗಳಿಗೆ ಹೋಲಿಸಿ ನೋಡಿ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಆರೋಗ್ಯ ಮಾಹಿತಿ ಕೊಡುವವರು, ಗರ್ಭಿಣಿಯರನ್ನು ನೋಂದಾಯಿಸುವವರು. ಅವರು 325ಕ್ಕೆ ಸೇರುತ್ತಾರೆ, ಮನೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ 532ಕ್ಕಲ್ಲ. ಪೌರಕಾರ್ಮಿಕರು 961, ಕಚೇರಿ ಗುಡಿಸುವವರು 911.

"ಇತರೆ" ಎಂಬ ಹೆಸರಿನ ಗುಂಪುಗಳನ್ನು (754, 962, 524) ಕೊನೆಯ ದಾರಿಯಾಗಿ ಮಾತ್ರ ಬಳಸಿ. ಒಬ್ಬ ಸಮೀಕ್ಷಕರ ಹಾಳೆಗಳಲ್ಲಿ ಈ ಕೋಡ್‌ಗಳೇ ಮತ್ತೆಮತ್ತೆ ಕಾಣಿಸಿದರೆ ಎರಡನೇ ಹೆಜ್ಜೆಯಲ್ಲಿ ಪದನಾಮವಷ್ಟೇ ಬರೆದಿದ್ದಾರೆ ಎಂದರ್ಥ.

ಹೆಜ್ಜೆ 5: ಎರಡು ಕೆಲಸ ಒಂದೇ ನೌಕರಿಯಲ್ಲಿದ್ದರೆ

ಒಂದೇ ನೌಕರಿಯೊಳಗೆ ಹಲವು ಕೆಲಸ ಬೆರೆತಿದ್ದರೆ ಮೂರು ನಿಯಮಗಳನ್ನು ಇದೇ ಅನುಕ್ರಮದಲ್ಲಿ ಹಚ್ಚಬೇಕು. ಕೆಲಸಗಳ ಕೌಶಲ ಮಟ್ಟ ಬೇರೆ ಬೇರೆಯಾಗಿದ್ದರೆ ಹೆಚ್ಚು ಕೌಶಲ ಬೇಡುವುದೇ ಗೆಲ್ಲುತ್ತದೆ: ವ್ಯಾನ್ ಓಡಿಸಿ ಸಾಮಾನು ಇಳಿಸಿಕೊಡುವವರು ಚಾಲಕರೇ, ಇಳಿಸಲು ಹೆಚ್ಚು ಹೊತ್ತು ಹೋದರೂ. ತಯಾರಿ ಮತ್ತು ಮಾರಾಟ ಎರಡೂ ಇದ್ದರೆ ತಯಾರಿಯೇ ಮುಖ್ಯ: ಬೇಕರಿಯಲ್ಲಿ ಬ್ರೆಡ್ ಸುಟ್ಟು ತಾವೇ ಮಾರುವವರು 751. ಇವೆರಡರಿಂದಲೂ ತೀರ್ಮಾನವಾಗದಿದ್ದಾಗ ಮಾತ್ರ ಹೆಚ್ಚು ಸಮಯ ಹಿಡಿಯುವ ಕೆಲಸ ನೋಡಿ. ಸಾರಿಗೆ ನಿಗಮದ ಚಾಲಕ ಕಂ ನಿರ್ವಾಹಕರ ವಿಷಯದಲ್ಲಿ 833, 511 ಎರಡೂ ಒಂದೇ ಮಟ್ಟದವು. ಹಾಗಾಗಿ ಯಾವ ಡ್ಯೂಟಿ ಹೆಚ್ಚು ಮಾಡುತ್ತಾರೆ ಎಂದು ಕೇಳಲೇಬೇಕು.

ಹಲವರು ಸಮಯದ ನಿಯಮವನ್ನೇ ಮೊದಲು ಹಚ್ಚುತ್ತಾರೆ. ಆಗ ಚಾಲಕರು ಹಮಾಲರಾಗುತ್ತಾರೆ, ಬೇಕರಿಯವರು ಅಂಗಡಿಯವರಾಗುತ್ತಾರೆ.

ಹೆಜ್ಜೆ 6: ಮೂರು ಕೋಡ್‌ಗಳನ್ನು ಒಟ್ಟಿಗೆ ಇಟ್ಟು ನೋಡಿ

ಮನೆಯಿಂದ ಹೊರಡುವ ಮೊದಲೇ ಪರಿಶೀಲಿಸಿ, ಮತ್ತೆ ಹೋಗುವುದು ಕಷ್ಟ. ಸ್ಥಿತಿ 51 (ದಿನಗೂಲಿ) ಇದ್ದು ಕಸುಬು ವಿಭಾಗ 1 ಬಂದಿದ್ದರೆ ಒಂದು ತಪ್ಪಿದೆ. ಸ್ಥಿತಿ 51, ಕಸುಬು 611 ಇದ್ದರೆ ಅವರು 921 ಇರಬೇಕು. ಉದ್ಯಮ 97 (ಮನೆಗಳೇ ಮಾಲೀಕರಾಗಿರುವ ಮನೆಗೆಲಸ) ಇದ್ದು ಕಸುಬು ಕಚೇರಿ ಗುಮಾಸ್ತ ಎಂದಿದ್ದರೆ ಮತ್ತೆ ಕೇಳಿ. ಆದರೆ ಉದ್ಯಮ 97ರಲ್ಲಿ ಚಾಲಕ 832, ಅಡುಗೆಯವರು 512 ಇರುವುದು ಸಹಜ, ಅದನ್ನು "ತಿದ್ದಿ" 911 ಮಾಡಬೇಡಿ. ವಿಚಿತ್ರವಾಗಿ ಕಂಡದ್ದೆಲ್ಲ ತಪ್ಪಲ್ಲ. ಅನುಮಾನ ಬಂದರೆ ಕೋಡ್ ಬದಲಿಸುವ ಮೊದಲು ಮನೆಯವರನ್ನೇ ಇನ್ನೊಮ್ಮೆ ವಿಚಾರಿಸಿ.

ದತ್ತಾಂಶ ಬಳಸುವವರಿಗೆ

ಪಿಎಲ್‌ಎಫ್‌ಎಸ್‌ನ ಮನೆಮಟ್ಟದ ದತ್ತಾಂಶ ಸಾರ್ವಜನಿಕರಿಗೆ ಲಭ್ಯವಿದೆ. ಅದನ್ನು ಇಳಿಸಿಕೊಂಡು ವರ್ಷಗಳನ್ನು ಜೋಡಿಸುವಾಗ ಒಂದು ದೊಡ್ಡ ಗುಂಡಿ ಇದೆ. 2017-18ರಿಂದ 2019-20ರವರೆಗೆ ಕಸುಬಿನ ಕೋಡ್ ಎನ್‌ಸಿಒ 2004ರದು, 2020-21ರಿಂದ ಎನ್‌ಸಿಒ 2015ರದು. ಹಳೆಯದು 1988ರ ಅಂತರರಾಷ್ಟ್ರೀಯ ವರ್ಗೀಕರಣವನ್ನು ಅನುಸರಿಸಿದ್ದು. ಎರಡೂ ಮೂರು ಅಂಕಿಯವೇ ಆದ್ದರಿಂದ ಕಂಪ್ಯೂಟರ್ ಎಚ್ಚರಿಕೆ ಕೊಡುವುದಿಲ್ಲ, ಎರಡನ್ನೂ ತಕರಾರಿಲ್ಲದೆ ಸೇರಿಸಿಬಿಡುತ್ತದೆ. ಹಳೆಯದರಲ್ಲಿ 911 ಬೀದಿ ವ್ಯಾಪಾರಿಗಳು. ಹೊಸದರಲ್ಲಿ 911 ಮನೆ, ಹೋಟೆಲ್, ಕಚೇರಿ ಸ್ವಚ್ಛಗೊಳಿಸುವವರು. ಹೊಸದರಲ್ಲಿ ಬೀದಿಯಲ್ಲಿ ಆಹಾರ ಮಾರುವವರು 521ಕ್ಕೂ ಬೇರೆ ಸಾಮಾನು ಮಾರುವವರು 952ಕ್ಕೂ ಹೋಗಿದ್ದಾರೆ. ಇದನ್ನು ಗಮನಿಸದೆ ಗೆರೆ ಎಳೆದರೆ ಬೀದಿ ವ್ಯಾಪಾರಿಗಳು ಒಂದೇ ವರ್ಷದಲ್ಲಿ ಮನೆಗೆಲಸಕ್ಕೆ ಸೇರಿದಂತೆ ಕಾಣುತ್ತದೆ. ಎರಡೂ ಆವೃತ್ತಿಗಳ ಹೊಂದಾಣಿಕೆ ಪಟ್ಟಿ ಬಳಸಿ. ಒಂದು ಹಳೆಯ ಗುಂಪು ಹಲವು ಹೊಸ ಗುಂಪುಗಳಾಗಿ ಒಡೆದಿದ್ದರೆ ಅವನ್ನೆಲ್ಲ ಸೇರಿಸಿ ದೊಡ್ಡ ಗುಂಪು ಮಾಡಿ ಹೋಲಿಸಿ. ವಿಭಾಗ ಮಟ್ಟದಲ್ಲಿಯೂ 2019-20ರಿಂದ 2020-21ಕ್ಕೆ ಆದ ಜಿಗಿತವನ್ನು ಆರ್ಥಿಕತೆಯ ಬದಲಾವಣೆ ಎಂದು ಒಮ್ಮೆಗೇ ಓದಬೇಡಿ.

ಮೂರು ಅಂಕಿಯ ಗುಂಪನ್ನು ಜಿಲ್ಲೆವಾರು ಒಡೆಯುವ ಆಸೆಯನ್ನೂ ತಡೆಯಿರಿ. ಒಂದು ಜಿಲ್ಲೆಯ ಮಾದರಿಯಲ್ಲಿ ಕೈಮಗ್ಗದವರು ಬೆರಳೆಣಿಕೆಯಷ್ಟೇ ಸಿಗಬಹುದು. ತೂಕ (ಮಾದರಿಯ ಒಂದು ಮನೆ ಎಷ್ಟು ಮನೆಗಳನ್ನು ಪ್ರತಿನಿಧಿಸುತ್ತದೆ ಎಂಬ ಸಂಖ್ಯೆ) ಹಚ್ಚಿದಾಗ ಸಾವಿರಗಳಾಗಿ ಕಂಡರೂ ಅದರ ಬುಡದಲ್ಲಿರುವುದು ಆ ಕೆಲವೇ ಮನೆಗಳು. ಪ್ರತಿ ಕೋಷ್ಟಕದ ಪಕ್ಕದಲ್ಲಿ ತೂಕ ಹಚ್ಚದ ಎಣಿಕೆಯನ್ನೂ ಬರೆದಿಟ್ಟುಕೊಂಡರೆ ಇದು ಥಟ್ಟನೆ ಕಣ್ಣಿಗೆ ಬೀಳುತ್ತದೆ.

ನೀವೇ ಸಣ್ಣ ಸಮೀಕ್ಷೆ ನಡೆಸುವವರಾದರೆ, ಕೋಡ್ ಜೊತೆಗೆ ಎರಡನೇ ಹೆಜ್ಜೆಯಲ್ಲಿ ಬರೆದ ವಾಕ್ಯವನ್ನೂ ಅದೇ ಸಾಲಿನಲ್ಲಿ ಟೈಪು ಮಾಡಿಡಿ, ಬಳಸಿದ ಎನ್‌ಸಿಒ ಯಾವ ವರ್ಷದ್ದೆಂದೂ ನಮೂದಿಸಿ. 1968, 2004, 2015 ಎಂದು ಈ ವರ್ಗೀಕರಣ ಮತ್ತೆಮತ್ತೆ ಬದಲಾಗುತ್ತ ಬಂದಿದೆ. ವಾಕ್ಯ ಉಳಿದಿದ್ದರೆ ಹಳೆಯ ಹಾಳೆಗಳಿಗೆ ಹೊಸ ಕೋಡ್ ಕೊಡಬಹುದು. ಬರೀ ಅಂಕಿ ಉಳಿದಿದ್ದರೆ ಮತ್ತೆ ಆ ಮನೆಗಳಿಗೇ ಹೋಗಬೇಕು.